ಅಮ್ಮನ ಕೈನಡುಕ ಕಾಯಿಲೆಯದೋ, ಮಾತ್ರೆಯದೋ? ಹಿರಿಯರ ಔಷಧಿಗಳ ಬಗ್ಗೆ ಒಂದು ಚರ್ಚೆ

ಸಾಗರದ ಮಗಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 76 ವರ್ಷ. ಸಾಗರದ ಮನೆಯಲ್ಲಿ ಅಣ್ಣ, ಅತ್ತಿಗೆಯರ ಜೊತೆ ಇದ್ದಾರೆ. ನಾನು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಕಳೆದ ಮಳೆಗಾಲದಿಂದ ಅಮ್ಮನ ನಡಿಗೆ ನಿಧಾನವಾಗಿದೆ. ಎರಡೂ ಕೈಗಳು ಸಣ್ಣಗೆ ನಡುಗುತ್ತವೆ, ರಂಗೋಲಿಯ ಎಳೆ ಸೊಟ್ಟಗಾಗುತ್ತದೆ, ಮುಖದಲ್ಲಿ ಭಾವನೆಯೇ ಕಾಣುವುದಿಲ್ಲ. ವಯಸ್ಸಾಯಿತಲ್ಲ ಎಂದು ನಾವೆಲ್ಲ ಸುಮ್ಮನಿದ್ದೆವು. ಎರಡು ತಿಂಗಳ ಹಿಂದೆ ಒಬ್ಬ ವೈದ್ಯರು ಇದು ಪಾರ್ಕಿನ್ಸನ್ ಕಾಯಿಲೆಯ ಆರಂಭ ಎಂದು ಹೇಳಿ ಲೆವೊಡೋಪಾ ಬರೆದುಕೊಟ್ಟರು. ಅದರಿಂದ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ಹೋದ ವಾರ ಅಮ್ಮನ ಮಾತ್ರೆಗಳಿರುವ ಕೈಚೀಲವನ್ನು ಚಾಪೆಯ ಮೇಲೆ ಸುರಿದು ಎಣಿಸಿದೆ. ಒಟ್ಟು 11 ಬಗೆ. ಬಿಪಿಗೆ ಹೆಸರಿನ ಕೊನೆಯಲ್ಲಿ ಎಚ್ ಅಕ್ಷರವಿರುವ ಟೆಲ್ಮಿಸಾರ್ಟಾನ್, ಅದರ ಜೊತೆಗೆ ಆಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಮಾತ್ರೆ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಒಟ್ಟಿಗಿರುವ ಶುಗರ್ ಮಾತ್ರೆ, ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಕೊಲೆಸ್ಟ್ರಾಲ್ ಮಾತ್ರೆ, ಒಂದು ಗ್ಯಾಸ್ಟ್ರಿಕ್ ಕ್ಯಾಪ್ಸೂಲ್, ತಲೆಸುತ್ತಿಗೆ ಸಿನ್ನರಿಜಿನ್, ಮಂಡಿನೋವಿಗೆ ಅಸಿಕ್ಲೋಫೆನಾಕ್, ನಿದ್ದೆಗೆ ಆಲ್ಪ್ರಜೋಲಾಂ, ಈಗ ಹೊಸದಾಗಿ ಲೆವೊಡೋಪಾ. ಇವು ನಾಲ್ವರು ವೈದ್ಯರು ಬೇರೆಬೇರೆ ವರ್ಷಗಳಲ್ಲಿ ಬರೆದವು. ನಾಲ್ವರಲ್ಲಿ ಯಾರೂ ಉಳಿದ ಮೂವರ ಚೀಟಿಯನ್ನು ನೋಡಿಲ್ಲ. ಅವರ ತಪ್ಪೆಂದು ಹೇಳುತ್ತಿಲ್ಲ, ನಾವೇ ತೋರಿಸಿರಲಿಲ್ಲ. ಯಾವುದನ್ನೂ ನಾನಾಗಿ ನಿಲ್ಲಿಸುವುದಿಲ್ಲ. ಆದರೆ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಏನೆಂದು ಕೇಳಬೇಕು ಎಂಬುದನ್ನು ತಿಳಿದವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ನಿವೃತ್ತ ವೈದ್ಯ, ಮೈಸೂರು

ಸಹೋದರಿಯವರೇ, ರೋಗಿಯನ್ನು ಕಣ್ಣಾರೆ ನೋಡದೆ ರೋಗ ಇಂಥದೇ ಎಂದು ಹೇಳುವುದು ಸರಿಯಲ್ಲ, ಹಾಗಾಗಿ ನಾನು ಕೇಳುವುದು ಎರಡೇ ಪ್ರಶ್ನೆ. ಆ ಗ್ಯಾಸ್ಟ್ರಿಕ್ ಕ್ಯಾಪ್ಸೂಲಿನ ಪಟ್ಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಯಾವ ಯಾವ ಔಷಧದ ಹೆಸರಿದೆ? ಅದನ್ನೂ ಸಿನ್ನರಿಜಿನ್ ಮಾತ್ರೆಯನ್ನೂ ತಾಯಿಯವರು ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ?

ಸಾಗರದ ಮಗಳು

ಡಾಕ್ಟರರೇ, ಅಣ್ಣನಿಗೆ ಫೋನ್ ಮಾಡಿ ಓದಿಸಿದೆ. ರ್‍ಯಾಬೆಪ್ರಜೋಲ್ 20 ಮಿಲಿಗ್ರಾಂ, ಲೆವೊಸಲ್ಪಿರೈಡ್ 75 ಮಿಲಿಗ್ರಾಂ ಎಂದಿದೆ. ಎರಡು ವರ್ಷದ ಹಿಂದೆ ಹೊಟ್ಟೆ ಉಬ್ಬರಕ್ಕೆಂದು 15 ದಿನಕ್ಕೆ ಬರೆದದ್ದಂತೆ. ಅದರಿಂದ ಹಾಯೆನಿಸಿತೆಂದು ಅಮ್ಮ ಖಾಲಿ ಪಟ್ಟಿಯನ್ನು ಅಂಗಡಿಗೆ ಕಳುಹಿಸಿ ತರಿಸಿಕೊಳ್ಳುತ್ತಲೇ ಬಂದಿದ್ದಾರೆ. ಸಿನ್ನರಿಜಿನ್ ಶುರುವಾಗಿ ಒಂದು ವರ್ಷ ದಾಟಿದೆ.

ನಿವೃತ್ತ ವೈದ್ಯ, ಮೈಸೂರು

ನನಗೆ ಅನುಮಾನವಿದ್ದದ್ದೂ ಅದೇ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. ಲೆವೊಸಲ್ಪಿರೈಡ್ ಡೋಪಮಿನ್ ಕೆಲಸ ಮಾಡುವ ಜಾಗವನ್ನೇ ಮುಚ್ಚುವ ಔಷಧ. ಹೊಟ್ಟೆ ಬೇಗ ಖಾಲಿಯಾಗಲಿ ಎಂದು ಕೊಡುವ ಈ ಔಷಧ ಮೆದುಳನ್ನೂ ತಲುಪುತ್ತದೆ. ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್ ಇವೆಲ್ಲಕ್ಕೂ ಇದೇ ಗುಣ ಹೆಚ್ಚುಕಡಿಮೆ ಇದೆ. ನಿಮ್ಮ ತಾಯಿಯವರ ಚೀಲದಲ್ಲಿ ಅಂಥವು ಎರಡಿವೆ. ಒಂದು ಕಡೆ ಎರಡು ಔಷಧ ಡೋಪಮಿನ್ನಿನ ಬಾಗಿಲು ಹಾಕುತ್ತಿವೆ, ಇನ್ನೊಂದು ಕಡೆ, ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಅದೇ ಬಾಗಿಲನ್ನು ತಟ್ಟುತ್ತಿದೆ. ಗುಣ ಕಾಣದಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಸುಳಿವೂ ನಿಮ್ಮ ಬರಹದಲ್ಲಿದೆ. ನಿಜವಾದ ಪಾರ್ಕಿನ್ಸನ್ ಸಾಮಾನ್ಯವಾಗಿ ದೇಹದ ಒಂದು ಬದಿಯಲ್ಲಿ ಮೊದಲು ಕಾಣಿಸಿಕೊಂಡು, ಕಾಲಕ್ರಮದಲ್ಲಿ ಇನ್ನೊಂದು ಬದಿಗೆ ಹಬ್ಬುತ್ತದೆ. ಔಷಧದಿಂದ ಬಂದ ನಡುಕ ಹಲವೊಮ್ಮೆ ಎರಡೂ ಬದಿಯಲ್ಲಿ ಒಟ್ಟಿಗೆ ಶುರುವಾಗುತ್ತದೆ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಔಷಧ ನಿಲ್ಲಿಸಿದ ಮೇಲೆ ಬಹಳಷ್ಟು ಜನರಲ್ಲಿ ಕೆಲವು ವಾರಗಳಿಂದ ಹಲವು ತಿಂಗಳೊಳಗೆ ಲಕ್ಷಣಗಳು ಇಳಿಯುತ್ತವೆ. ಕೆಲವರಲ್ಲಿ ಉಳಿದುಬಿಡುತ್ತವೆ, ಏಕೆಂದರೆ ಒಳಗೆ ಅಡಗಿದ್ದ ಕಾಯಿಲೆಯನ್ನು ಔಷಧ ಹೊರಗೆಳೆದಿರುತ್ತದೆ. ನರರೋಗ ತಜ್ಞರ ಮುಂದೆ ಈ 11 ಪಟ್ಟಿಗಳನ್ನೂ ಇಟ್ಟು, "ಈ ನಡುಕ ಇವುಗಳಲ್ಲಿ ಯಾವುದರಿಂದಲಾದರೂ ಬಂದಿರಬಹುದೇ?" ಎಂದು ಕೇಳಿ. ನನ್ನ ವೃತ್ತಿಜೀವನದಲ್ಲಿ ನಾನು ತಡವಾಗಿ ಕಲಿತ ಪ್ರಶ್ನೆ ಅದು. ವಯಸ್ಸಾದವರಲ್ಲಿ ಹೊಸದಾಗಿ ಏನು ಕಾಣಿಸಿಕೊಂಡರೂ, ಬಿದ್ದರೂ, ಮರೆತರೂ, ಮಂಕಾದರೂ, ಮೂತ್ರ ಕಟ್ಟಿದರೂ, ಹೊಸ ಮಾತ್ರೆ ಬರೆಯುವ ಮುಂಚೆ ಹಳೆಯ ಮಾತ್ರೆಗಳ ಮೇಲೆ ಅನುಮಾನ ಪಡಬೇಕು.

ಆಸ್ಪತ್ರೆಯ ಫಾರ್ಮಸಿಸ್ಟ್

ಡಾಕ್ಟರರು ಹೇಳಿದ್ದಕ್ಕೆ ನಮ್ಮ ಓದಿನಲ್ಲೂ ಒಂದು ಹೆಸರಿದೆ. ಮೊದಲ ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ಭಾವಿಸಿ ಎರಡನೆಯದನ್ನು ಬರೆಯುವುದು, ಎರಡನೆಯದರ ಪರಿಣಾಮಕ್ಕೆ ಮೂರನೆಯದನ್ನು ಬರೆಯುವುದು: ಇದನ್ನು ಔಷಧಿಗಳ ಸರಪಳಿ ಎನ್ನಬಹುದು. ರೋಚನ್ ಮತ್ತು ಗುರ್ವಿಟ್ಜ್ ಎಂಬ ಸಂಶೋಧಕರು 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವಿವರಿಸಿ ಬರೆದಾಗ, ಮೆಟೊಕ್ಲೋಪ್ರಮೈಡ್ ತೆಗೆದುಕೊಂಡವರಿಗೆ ಲೆವೊಡೋಪಾ ಬರೆಯುವುದನ್ನೂ ಅದರ ಉದಾಹರಣೆಯಾಗಿ ಕೊಟ್ಟಿದ್ದರು. ಸಾಗರದ ಮನೆಯಲ್ಲಿ ನಡೆದದ್ದು ಹೆಚ್ಚುಕಡಿಮೆ ಅದೇ, ಔಷಧದ ಹೆಸರು ಮಾತ್ರ ಬೇರೆ.

ಈಗ ಅಕ್ಕನವರ ಪಟ್ಟಿಯ ಬೇರೆ ವಿಷಯಗಳಿಗೆ ಬರುತ್ತೇನೆ. ನಮ್ಮಲ್ಲಿ ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ ಎಚ್ ಇದ್ದರೆ ಸಾಮಾನ್ಯವಾಗಿ ಅದರೊಳಗೆ ಹೈಡ್ರೋಕ್ಲೋರೋಥಯಜೈಡ್ ಎಂಬ, ಮೂತ್ರ ಹೆಚ್ಚಿಸುವ ಔಷಧ ಸೇರಿದೆ ಎಂದರ್ಥ. ಎಎಂ ಎಂದಿದ್ದರೆ ಆಮ್ಲೋಡಿಪಿನ್ ಸೇರಿರುತ್ತದೆ. ಮನೆಯವರು ಇದನ್ನು ಒಂದು ಮಾತ್ರೆ ಎಂದು ಎಣಿಸುತ್ತಾರೆ, ದೇಹ ಎರಡು ಎಂದು ಎಣಿಸುತ್ತದೆ. ಹೀಗೆ ಲೆಕ್ಕ ಹಾಕಿದರೆ ನಿಮ್ಮ ತಾಯಿಯವರ 11 ಮಾತ್ರೆಗಳಲ್ಲಿ ಕಡಿಮೆಯೆಂದರೂ 14 ಔಷಧಗಳಿವೆ. ಐದು ಅಥವಾ ಅದಕ್ಕಿಂತ ಹೆಚ್ಚು ಔಷಧ ತೆಗೆದುಕೊಳ್ಳುವವರನ್ನೇ ಬಹುಔಷಧ ಸೇವನೆಯ ಗುಂಪಿಗೆ ಸೇರಿಸುವುದು ರೂಢಿ. ಆ ಎಚ್ ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಸಬಲ್ಲದು. 135ರಿಂದ 145ರವರೆಗೆ ಇರಬೇಕಾದದ್ದು 120ರ ಆಸುಪಾಸಿಗೆ ಇಳಿದರೆ ಮನುಷ್ಯ ತೊದಲುತ್ತಾನೆ, ಮನೆಯವರ ಗುರುತೂ ಹಿಡಿಯದಂತಾಗುತ್ತಾನೆ. "ಸೋಡಿಯಂ ಕಮ್ಮಿಯಾಗಿ ಐಸಿಯುಗೆ ಹಾಕಿದ್ದರು" ಎಂಬ ಮಾತನ್ನು ಪ್ರತಿ ಮದುವೆ ಮನೆಯಲ್ಲೂ ಕೇಳುತ್ತೇವೆ. ಏಕೆ ಕಮ್ಮಿಯಾಯಿತು ಎಂದು ಕೇಳಿದವರು ಕಡಿಮೆ.

ಆಮ್ಲೋಡಿಪಿನ್ ಕೆಲವರಲ್ಲಿ ಪಾದದ ಹರಡಿನ ಹತ್ತಿರ ಬಾವು ತರುತ್ತದೆ. ದೇಹದಲ್ಲಿ ನೀರು ಹೆಚ್ಚಾಗಿ ಬರುವ ಬಾವು ಅದಲ್ಲ. ಸಣ್ಣ ರಕ್ತನಾಳಗಳು ಹಿಗ್ಗಿ ದ್ರವ ಹೊರಗೆ ಜಿನುಗುವುದರಿಂದ ಬರುವಂಥದು. ಅದಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೆ ಬಾವು ಹೆಚ್ಚೇನೂ ಇಳಿಯುವುದಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಕತ್ತಲಲ್ಲಿ ಬಚ್ಚಲಿಗೆ ಹೋಗುವ ಅಪಾಯ ಮಾತ್ರ ಬರುತ್ತದೆ.

ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಿಗ್ಗೆ ಒಟ್ಟಿಗೆ ನುಂಗುತ್ತಿದ್ದರೆ ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೂ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ.

ಎಪ್ಪತ್ತನಾಲ್ಕರ ಓದುಗ, ಧಾರವಾಡ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಬಹಳ ಉಪಯುಕ್ತವಾಗಿದೆ, ಆದರೆ ಒಂದು ಆಕ್ಷೇಪವಿದೆ. ಇಲ್ಲಿ ಮಗಳು, ಅಣ್ಣ, ವೈದ್ಯರು, ಫಾರ್ಮಸಿಸ್ಟ್ ಎಲ್ಲರೂ ಮಾತನಾಡುತ್ತಿದ್ದಾರೆ. ಮಾತ್ರೆ ನುಂಗುವ ತಾಯಿ ಏನೆನ್ನುತ್ತಾರೆ ಎಂಬುದು ಎಲ್ಲೂ ಇಲ್ಲ. ನಾನೂ ದಿನಕ್ಕೆ ಒಂಬತ್ತು ಗುಳಿಗೆ ನುಂಗುವವನು. ವೈದ್ಯರ ಕೋಣೆಯಲ್ಲಿ ನಾನು ಎದುರಿಗೇ ಕುಳಿತಿದ್ದರೂ "ಇವರಿಗೆ ನಿದ್ದೆ ಬರ್ತದೇನು?" ಎಂದು ನನ್ನ ಮಗನನ್ನು ಕೇಳುತ್ತಾರೆ. ನಾನು ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ನೋಡಿದವನು, ನನ್ನ ಗುಳಿಗೆಯ ಲೆಕ್ಕ ನಾನೇ ಇಡಬಲ್ಲೆ.

ನನ್ನ ಅನುಭವವನ್ನೂ ಹೇಳುತ್ತೇನೆ. ಹೋದ ವರ್ಷ ನೆಗಡಿಯೆಂದು ಅಂಗಡಿಯಲ್ಲಿ ಎರಡು ಶೀತದ ಗುಳಿಗೆ ತೆಗೆದುಕೊಂಡೆ. ಮರುದಿನ ಮೂತ್ರ ಸಂಪೂರ್ಣ ಕಟ್ಟಿ, ಆಸ್ಪತ್ರೆಯಲ್ಲಿ ನಳಿಕೆ ಹಾಕಿಸಿಕೊಳ್ಳಬೇಕಾಯಿತು. ನನಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಎಂದು ಅಂಗಡಿಯವರಿಗೆ ಗೊತ್ತಿರಲಿಲ್ಲ, ಶೀತದ ಗುಳಿಗೆಗೂ ಮೂತ್ರಕ್ಕೂ ಸಂಬಂಧವಿದೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಏಕಾದಶಿಯ ದಿನ ಉಪವಾಸವಿದ್ದು, ಶುಗರ್ ಗುಳಿಗೆಯನ್ನು ಮಾತ್ರ ಎಂದಿನಂತೆ ನುಂಗಿದೆ. ಮಧ್ಯಾಹ್ನ ಬೆವರಿ, ಕೈಕಾಲು ಸೋತು, ಮಾತು ತಡವರಿಸಿತು. ನನ್ನ ಪತ್ನಿ ಬೆಲ್ಲದ ನೀರು ಕುಡಿಸಿದಳು. ಆಮೇಲೆ ವೈದ್ಯರಿಗೆ ಹೇಳಿದಾಗ ಅವರು ನನ್ನನ್ನೇ ಬೈದರು. ಉಪವಾಸದ ದಿನ ಏನು ಮಾಡಬೇಕು ಎಂದು ಅದಕ್ಕೂ ಮುಂಚೆ ಯಾರೂ ಹೇಳಿರಲಿಲ್ಲ ಎಂಬುದೂ ನಿಜವಷ್ಟೆ.

ಡಾಕ್ಟರರಲ್ಲಿ ಒಂದು ಪ್ರಶ್ನೆ: ಹೃದಯಕ್ಕೆ ಒಳ್ಳೆಯದೆಂದು ಗೆಳೆಯರೊಬ್ಬರು ಹೇಳಿದ್ದರಿಂದ ದಿನವೂ ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದೇನೆ. ಇದು ಸರಿಯೇ?

ನಿವೃತ್ತ ವೈದ್ಯ, ಮೈಸೂರು

ಹಿರಿಯರೇ, ನಿಮ್ಮ ಆಕ್ಷೇಪ ನೂರಕ್ಕೆ ನೂರು ನ್ಯಾಯವಾದದ್ದು, ನಾನೂ ಹಾಗೆ ಮಗನನ್ನು ಕೇಳಿದ ವೈದ್ಯರಲ್ಲಿ ಒಬ್ಬ.

ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎಂಬ ಎರಡು ಔಷಧಗಳಿರುತ್ತವೆ. ಮೊದಲನೆಯದು ಮೂತ್ರಕೋಶದ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ, ಎರಡನೆಯದು ಅದರ ಕುತ್ತಿಗೆಯನ್ನು ಬಿಗಿಮಾಡುತ್ತದೆ. ದೊಡ್ಡದಾದ ಪ್ರಾಸ್ಟೇಟ್ ಇರುವವರಿಗೆ ಇಷ್ಟು ಸಾಕು. ಕ್ಲೋರ್‌ಫೆನಿರಮಿನ್ನಿನ ಬಳಗದ ಇನ್ನೂ ಕೆಲವು ಔಷಧಗಳಿವೆ: ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಬಾಯಿ ಒಣಗುವುದು, ಮಲಬದ್ಧತೆ, ಮರೆವು, ಸಂಜೆಯ ಹೊತ್ತಿಗೆ ಗಲಿಬಿಲಿ ಇವೆಲ್ಲ ಇವುಗಳಿಂದ ಬರಬಹುದು, ಒಂದರ ಮೇಲೊಂದು ಸೇರಿದರೆ ಇನ್ನೂ ಹೆಚ್ಚು.

ಆಸ್ಪಿರಿನ್ ವಿಷಯ: ಹೃದಯಾಘಾತವಾಗಿರದ, ಪಾರ್ಶ್ವವಾಯು ಬಡಿದಿರದ, ಸ್ಟೆಂಟ್ ಹಾಕಿಸಿಕೊಂಡಿರದ ಹಿರಿಯರಿಗೆ ದಿನನಿತ್ಯದ ಆಸ್ಪಿರಿನ್ನಿನಿಂದ ಲಾಭ ಕಾಣಲಿಲ್ಲ, ರಕ್ತಸ್ರಾವ ಹೆಚ್ಚಾಯಿತು ಎಂದು ಆಸ್ಟ್ರೇಲಿಯಾ ಮತ್ತು ಅಮೆರಿಕದ 19,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಮೇಲಿನ ಮೂರರಲ್ಲಿ ಒಂದು ಆಗಿದ್ದರೂ ಮಾತು ಬೇರೆ, ಆಗ ನಿಲ್ಲಿಸುವುದೇ ಅಪಾಯ. ನಿಮಗೆ ಅವು ಯಾವುವೂ ಆಗಿರದಿದ್ದರೆ ಈ ಗುಳಿಗೆಯನ್ನು ಬರೆದವರು ಯಾರೂ ಇಲ್ಲವಾದ್ದರಿಂದ, ಅದು ಇರಬೇಕೇ ಎಂದು ನಿಮ್ಮ ವೈದ್ಯರನ್ನು ನೀವೇ ಕೇಳಿ.

ಔಷಧಿ ಅಂಗಡಿ, ಹಾಸನ ಜಿಲ್ಲೆ

ಖಾಲಿ ಪಟ್ಟಿ ನೋಡಿ ಮಾತ್ರೆ ಕೊಡುವವರು ಎಂದು ಮೇಲೆ ಪರೋಕ್ಷವಾಗಿ ಬಂದದ್ದು ನಮ್ಮಂಥವರ ಮಾತು. ಆ ಅಪವಾದದಲ್ಲಿ ಸತ್ಯವಿದೆ ಎಂದು ಮೊದಲೇ ಒಪ್ಪುತ್ತೇನೆ. ಶೆಡ್ಯೂಲ್ ಎಚ್ ಎಂದು ಮುದ್ರಿಸಿದ ಔಷಧವನ್ನು ಚೀಟಿಯಿಲ್ಲದೆ ಕೊಡಬಾರದೆಂಬುದು ಕಾನೂನು. ಆದರೆ 12 ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಅಜ್ಜ ಬಿಪಿ ಮಾತ್ರೆಯ ಖಾಲಿ ಪಟ್ಟಿ ಹಿಡಿದು ನಿಂತಾಗ ಚೀಟಿ ತನ್ನಿ ಎಂದರೆ, ಆತ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ. ಬಿಪಿ ಮಾತ್ರೆಗೆ ನಾನು ಕೊಡುತ್ತೇನೆ. ನಿದ್ದೆ ಮಾತ್ರೆಗೆ ಕೊಡುವುದಿಲ್ಲ. ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ಬಗ್ಗೆ ಇಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಇಂದು ಕಪಾಟಿನಲ್ಲಿ ನೋಡಿದೆ, ಲೆವೊಸಲ್ಪಿರೈಡ್ ಸೇರಿರುವ ಐದು ಕಂಪನಿಗಳ ಕ್ಯಾಪ್ಸೂಲ್ ನನ್ನಲ್ಲೇ ಇವೆ.

ಬೇರೆಬೇರೆ ಕಂಪನಿಯ ಹೆಸರುಗಳಿಂದ ಆಗುವ ಎಡವಟ್ಟಿನ ಬಗ್ಗೆಯೂ ಯಾರಾದರೂ ಮಾತನಾಡಬೇಕು. ಒಂದೇ ಔಷಧ ಎರಡು ಹೆಸರಿನಲ್ಲಿ ಇಬ್ಬರು ವೈದ್ಯರ ಚೀಟಿಯಲ್ಲಿ ಬಂದರೆ ಮನೆಯವರು ಎರಡನ್ನೂ ಕೊಡುತ್ತಾರೆ. ಒಂದಕ್ಕೊಂದು ಹತ್ತಿರದ ಹೆಸರುಗಳ ಗೊಂದಲ ಎಷ್ಟಿದೆಯೆಂದರೆ, 2001ರಲ್ಲಿ ಸುಪ್ರೀಂ ಕೋರ್ಟೇ ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳ ನಡುವಿನ ಪ್ರಕರಣದಲ್ಲಿ, ಔಷಧದ ಹೆಸರುಗಳ ಹೋಲಿಕೆಯನ್ನು ಬೇರೆ ಸರಕಿಗಿಂತ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು ಎಂದು ಹೇಳಿತು. ಆದರೂ ನಮ್ಮ ಕಪಾಟಿನಲ್ಲಿ ಅಕ್ಷರವೊಂದರ ವ್ಯತ್ಯಾಸದ ಹೆಸರುಗಳು ಪಕ್ಕಪಕ್ಕದಲ್ಲೇ ಕುಳಿತಿವೆ.

ನನ್ನನ್ನು ಇಂದಿಗೂ ಕಾಡುವುದು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ನಮ್ಮ ಕಡೆಯ ಅಜ್ಜಿಯೊಬ್ಬರು ಎಲ್ಲ ಮಾತ್ರೆಯಂತೆ ಇದೂ ದಿನಕ್ಕೊಂದು ಎಂದುಕೊಂಡು ಎಂಟು ದಿನ ನುಂಗಿದ್ದರು. ಬಾಯಿ ತುಂಬ ಹುಣ್ಣಾಗಿ ಅನ್ನ ನುಂಗಲಾಗದೆ ಬಂದಾಗ ಪಟ್ಟಿ ನೋಡಿ ನನ್ನ ಎದೆ ಧಸಕ್ಕೆಂದಿತು. ದಿನವೂ ತೆಗೆದುಕೊಂಡರೆ ಅದು ಮೂಳೆಯ ಮಜ್ಜೆಯಲ್ಲಿ ರಕ್ತ ತಯಾರಾಗುವುದನ್ನೇ ನಿಲ್ಲಿಸಿಬಿಡುತ್ತದೆ. ಅವರು ಬದುಕಿಕೊಂಡರು. ಅಂದಿನಿಂದ ಆ ಮಾತ್ರೆಯನ್ನು ಕೊಡುವಾಗಲೆಲ್ಲ ಪೊಟ್ಟಣದ ಮೇಲೆ ವಾರದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. "ಸೋಮವಾರ ಮಾತ್ರ" ಎಂದು ಬರೆದು, ಅವರ ಬಾಯಿಂದಲೂ ಹೇಳಿಸುತ್ತೇನೆ.

ಮಲೆನಾಡಿನವಳು, ಈಗ ಪುಣೆ

ನಾನು ಇಷ್ಟೆಲ್ಲ ಕಷ್ಟಪಡಲಿಲ್ಲ. ಅತ್ತೆಯವರ ಇಂಗ್ಲಿಷ್ ಔಷಧಗಳನ್ನೆಲ್ಲ ಒಂದೇ ದಿನ ನಿಲ್ಲಿಸಿ ಗಿಡಮೂಲಿಕೆಗೆ ಬಂದೆವು. ಕಷಾಯ, ಜ್ಯೇಷ್ಠಮಧು, ಮಂಡಿನೋವಿಗೆ ಒಬ್ಬರು ಕೊಡುವ ಪುಡಿ, ಇಷ್ಟೇ. ಆರು ತಿಂಗಳಿಂದ ಆರಾಮವಾಗಿದ್ದಾರೆ, ಮಂಡಿನೋವಂತೂ ಮೂರೇ ದಿನಕ್ಕೆ ಮಾಯವಾಯಿತು. ಪ್ರಕೃತಿಯದ್ದಕ್ಕೆ ಅಡ್ಡಪರಿಣಾಮವಿಲ್ಲ ಎಂದು ನನ್ನ ನಂಬಿಕೆ.

ಆಸ್ಪತ್ರೆಯ ಫಾರ್ಮಸಿಸ್ಟ್

ಅತ್ತೆಯವರು ಆರಾಮವಾಗಿರುವುದು ಸಂತೋಷ, ಆದರೆ ನಿಮ್ಮ ಬರಹವನ್ನು ಓದಿ ಬೇರೆಯವರೂ ಹಾಗೇ ಮಾಡಬಾರದು ಎಂಬ ಕಾರಣಕ್ಕೆ ಉತ್ತರಿಸುತ್ತಿದ್ದೇನೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಹೃದಯದ ಮಾತ್ರೆ, ಕ್ಲೋನಿಡಿನ್ ಎಂಬ ಬಿಪಿ ಮಾತ್ರೆ, ಬಹುಕಾಲ ತೆಗೆದುಕೊಂಡ ಸ್ಟೆರಾಯ್ಡ್, ಫಿಟ್ಸ್ ಮಾತ್ರೆ, ನಿದ್ದೆಯ ಆಲ್ಪ್ರಜೋಲಾಂ ಇವುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಇವನ್ನು ವೈದ್ಯರು ವಾರಗಟ್ಟಲೆ ಇಳಿಸುತ್ತಾ ಬರುತ್ತಾರೆ. ಔಷಧ ಕಡಿಮೆ ಮಾಡಬೇಕೆಂಬ ನಿಮ್ಮ ಅಭಿಪ್ರಾಯಕ್ಕೆ ನನ್ನ ವಿರೋಧವಿಲ್ಲ, ಒಂದೇ ದಿನ ಎಂಬುದಕ್ಕೆ ವಿರೋಧವಿದೆ.

ಜ್ಯೇಷ್ಠಮಧುವನ್ನು ದಿನವೂ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ. ಬಿಪಿ ಮಾತ್ರೆ ನಿಲ್ಲಿಸಿದವರಿಗೆ ಅದೇ ಬೇಕಿಲ್ಲದ್ದು. ಇನ್ನು ಮೂರೇ ದಿನಕ್ಕೆ ಮಂಡಿನೋವು ಮಾಯ ಮಾಡಿದ ಹೆಸರಿಲ್ಲದ ಪುಡಿ. ಅಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ. ನಿಮ್ಮದರಲ್ಲೂ ಇದೆ ಎಂದು ನಾನು ಹೇಳಲಾರೆ. ಅತ್ತೆಯವರ ಮುಖ ದುಂಡಗಾಗಿದೆಯೇ, ಶುಗರ್ ಏರಿದೆಯೇ, ಚರ್ಮ ತೆಳ್ಳಗಾಗಿ ಬೇಗ ಕಂದುತ್ತಿದೆಯೇ ಎಂದು ಒಮ್ಮೆ ನೋಡಿ. ಓದಿದ ಆಯುರ್ವೇದ ವೈದ್ಯರೂ ಆ ಪುಡಿಯನ್ನು ಒಪ್ಪುವುದಿಲ್ಲ.

ಪ್ರಕೃತಿಯದ್ದು ಎಂದಾಗ ಎಳನೀರು ನೆನಪಾಯಿತು. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ. ಮೂತ್ರಪಿಂಡ ದುರ್ಬಲವಾಗಿದ್ದು, ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮತ್ತು ಟೆಲ್ಮಿಸಾರ್ಟಾನ್ ಎರಡನ್ನೂ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಎಳನೀರು ಕುಡಿದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು.

ರಾಮನಗರದ ಮೇಷ್ಟ್ರು

ವಿಷಯದಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮೆಯಿರಲಿ. ನಮ್ಮೂರಿನ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು. ರಣಹದ್ದುಗಳು ದೇಶದಲ್ಲೆಲ್ಲ ಅಳಿದದ್ದು ಡೈಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ. ಆ ಚುಚ್ಚುಮದ್ದು ಪಡೆದ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು, 2023ರಲ್ಲಿ ಅಸಿಕ್ಲೋಫೆನಾಕ್ ಕೂಡ ಪಶುಗಳಿಗೆ ನಿಷೇಧವಾಯಿತು. ಸಾಗರದ ತಾಯಿಯವರ ಚೀಲದಲ್ಲಿ ಅದೇ ಹೆಸರು ಕಂಡು ಗಾಬರಿಯಾಯಿತು. ಮನುಷ್ಯರಿಗೂ ಹಾಗೇ ಆಗುತ್ತದೆಯೇ?

ನಿವೃತ್ತ ವೈದ್ಯ, ಮೈಸೂರು

ಮೇಷ್ಟ್ರೇ, ಪಕ್ಕಕ್ಕೆ ಹೋಗಿಲ್ಲ, ಸರಿಯಾದ ಜಾಗಕ್ಕೇ ಬಂದಿದ್ದೀರಿ. ಮನುಷ್ಯರು ಹದ್ದುಗಳಷ್ಟು ಸುಲಭವಾಗಿ ಸೋಲುವುದಿಲ್ಲ. ಆರೋಗ್ಯವಂತ ಯುವಕ ಎರಡು ದಿನ ನೋವಿನ ಮಾತ್ರೆ ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಸಾಗರದ ತಾಯಿಯವರು ತೆಗೆದುಕೊಳ್ಳುವ ಟೆಲ್ಮಿಸಾರ್ಟಾನ್ ಮೂತ್ರಪಿಂಡದೊಳಗಿನ ಒತ್ತಡವನ್ನು ಇಳಿಸುತ್ತದೆ, ಅದರೊಳಗಿನ ಎಚ್ ದೇಹದ ನೀರನ್ನು ಕಡಿಮೆ ಮಾಡುತ್ತದೆ, ಅಸಿಕ್ಲೋಫೆನಾಕ್ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಕಿರಿದು ಮಾಡುತ್ತದೆ. ಈ ಮೂರು ಒಟ್ಟಿಗೆ ಇರುವಾಗ ವಾಂತಿಭೇದಿಯೋ ಜ್ವರವೋ ಬಂದು ನೀರು ಇನ್ನಷ್ಟು ಕಡಿಮೆಯಾದರೆ, ನಾಲ್ಕೇ ದಿನದಲ್ಲಿ ಮೂತ್ರಪಿಂಡ ಕೈಕೊಡುವ ಸಂಭವವಿದೆ. ನಾನು ಸೇವೆಯಲ್ಲಿದ್ದಾಗ ಪ್ರತಿ ಬೇಸಿಗೆಯಲ್ಲೂ ಇಂಥವರನ್ನು ನೋಡಿದ್ದೇನೆ.

ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ನಾರ್ಮಲ್ ಇದೆ ಎಂಬ ಸಮಾಧಾನವನ್ನೂ ಪೂರ್ತಿ ನಂಬಬೇಡಿ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ವಯಸ್ಸಾದಂತೆ ಮಾಂಸಖಂಡ ಕರಗುವುದರಿಂದ ಮೂತ್ರಪಿಂಡ ಸೋತಿದ್ದರೂ ಸಂಖ್ಯೆ ಏರುವುದಿಲ್ಲ. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಶುದ್ಧ ಮಾಡುತ್ತದೆ ಎಂದು ಅಂದಾಜಿಸುವ, 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಸೂತ್ರದಲ್ಲಿ 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸುತ್ತಾರೆ. ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಕ್ರಿಯಾಟಿನಿನ್ 1.1 ಇರುವ, 70 ಕಿಲೋ ತೂಕದ 30 ವರ್ಷದ ಗಂಡಸಿಗೆ ಉತ್ತರ ಸುಮಾರು 97. ಅದೇ 1.1 ಇರುವ, 46 ಕಿಲೋ ತೂಕದ 76 ವರ್ಷದ ಹೆಂಗಸಿಗೆ ಸುಮಾರು 32. ಲ್ಯಾಬ್ ವರದಿಯಲ್ಲಿ ಇಬ್ಬರದೂ ಒಂದೇ ಅಂಕಿ! ಲ್ಯಾಬಿನವರು ಬೇರೆ ಸೂತ್ರದಿಂದ ಕೊಡುವ ಅಂಕಿ ಇದಕ್ಕಿಂತ ತುಸು ಬೇರೆಯಾಗಿರಬಹುದು, ಆದರೂ ವ್ಯತ್ಯಾಸ ದೊಡ್ಡದೇ. ಮೆಟ್‌ಫಾರ್ಮಿನ್, ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಮುಂತಾದವು ಹೀಗೆ ಹೊರಹೋಗಲಾರದೆ ಒಳಗೇ ಉಳಿಯುತ್ತವೆ. ಡಯಜೆಪಾಂ ಎಂಬ ನಿದ್ದೆ ಮಾತ್ರೆಯದು ಬೇರೆಯೇ ಕಥೆ, ಅದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಅದರ ಅರ್ಧ ಭಾಗ ದೇಹದಿಂದ ಇಳಿಯಲು 20 ವರ್ಷದವರಿಗೆ ಸುಮಾರು 20 ಗಂಟೆ ಸಾಕಾದರೆ, 80 ವರ್ಷದವರಿಗೆ ಸುಮಾರು 90 ಗಂಟೆ ಬೇಕು. ನಿನ್ನೆಯ ಮಾತ್ರೆ ಇನ್ನೂ ಒಳಗಿರುವಾಗಲೇ ಇಂದಿನದು ಬಂದು ಸೇರುತ್ತದೆ.

ಲೆಸ್ಟರ್ ಕನ್ನಡಿಗ

ನನ್ನ ತಂದೆತಾಯಿ ಹೋದ ವರ್ಷ ಮೂರು ತಿಂಗಳು ಇಲ್ಲಿಗೆ, ಇಂಗ್ಲೆಂಡಿಗೆ, ಬಂದಿದ್ದಾಗ ಅಪ್ಪ ಬಚ್ಚಲಲ್ಲಿ ಬಿದ್ದರು. ಇಲ್ಲಿನ ಫಾರ್ಮಸಿಸ್ಟ್ ಅವರ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಏಕೆ ತೆಗೆದುಕೊಳ್ಳುತ್ತೀರಿ ಎಂದು ಅರ್ಧ ಗಂಟೆ ಕೇಳಿದರು. ಒಂದು ಮಾತ್ರೆಯ ಹೆಸರು ಅವರ ಕಂಪ್ಯೂಟರಿನಲ್ಲೇ ಇರಲಿಲ್ಲ. ಅದೇ ಲೆವೊಸಲ್ಪಿರೈಡ್. ಹಿರಿಯರಿಗೆ ಯಾವ ಔಷಧ ಸಲ್ಲದು ಎಂದು ಹೇಳುವ ಪ್ರಸಿದ್ಧ ಪಟ್ಟಿಗಳಿವೆ: 1991ರಲ್ಲಿ ಮಾರ್ಕ್ ಬಿಯರ್ಸ್ ಅಮೆರಿಕದಲ್ಲಿ ರೂಪಿಸಿದ, 2023ರಲ್ಲಿ ಮತ್ತೆ ಪರಿಷ್ಕೃತವಾದ ಪಟ್ಟಿ, ಐರ್ಲೆಂಡಿನ ಕಾರ್ಕ್ ನಗರದ ವೈದ್ಯರು 2008ರಲ್ಲಿ ಪ್ರಕಟಿಸಿದ ಸ್ಟಾಪ್ ಪಟ್ಟಿ. ಅಮೆರಿಕದಲ್ಲಿ ಲೆವೊಸಲ್ಪಿರೈಡ್ ಆಗಲಿ, ಸಿನ್ನರಿಜಿನ್ ಆಗಲಿ ಮಾರಾಟಕ್ಕೆ ಒಪ್ಪಿಗೆ ಪಡೆದ ಔಷಧಗಳೇ ಅಲ್ಲ. ಆದ್ದರಿಂದ ಬಿಯರ್ಸ್ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ನಮ್ಮೂರಿನ ಮಾತ್ರೆ ನಿರಪಾಯಕಾರಿ ಎಂದುಕೊಳ್ಳುವಂತಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಔಷಧಗಳನ್ನು ನೋಡಿ ಬರೆದ ಪಟ್ಟಿಯೊಂದು ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು ಎಂದು ನನ್ನ ಆಸೆ.

ಆಸ್ಪತ್ರೆಯ ಫಾರ್ಮಸಿಸ್ಟ್

ಅಂಥ ಪಟ್ಟಿ ಬರಬೇಕಾದರೆ ನಮ್ಮಲ್ಲಿ ಏನಾಗುತ್ತಿದೆ ಎಂಬ ಲೆಕ್ಕ ಮೊದಲು ಬೇಕು. ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಸಂಗ್ರಹಿಸುವ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮ 2010ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆರಂಭವಾಗಿ, 2011ರಲ್ಲಿ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ ವರ್ಗವಾಯಿತು. ಅಡ್ಡಪರಿಣಾಮವನ್ನು ವೈದ್ಯರು ಮಾತ್ರವಲ್ಲ, ರೋಗಿಯೋ ಮನೆಯವರೋ ಕೂಡ ವರದಿ ಮಾಡಬಹುದು. ಉಚಿತ ಸಹಾಯವಾಣಿ 1800-180-3024, ಸಾರ್ವಜನಿಕರ ನಮೂನೆ ಕನ್ನಡದಲ್ಲೂ ಇದೆ. ಔಷಧದಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಆ ವರದಿಗಳು ಸ್ವೀಡನ್ನಿನ ಉಪ್ಸಾಲಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರದ ಭಂಡಾರಕ್ಕೂ ಸೇರುತ್ತವೆ. ಧಾರವಾಡದ ಹಿರಿಯರ ಮೂತ್ರ ಕಟ್ಟಿದ್ದು, ಹಾಸನದ ಅಜ್ಜಿಯ ಬಾಯಿಹುಣ್ಣು ಎರಡೂ ಅಲ್ಲಿಗೆ ಹೋಗಬೇಕಿದ್ದ ವಿಷಯಗಳೇ.

ಎಪ್ಪತ್ತನಾಲ್ಕರ ಓದುಗ, ಧಾರವಾಡ

ನನ್ನದನ್ನು ಈ ದಿನವೇ ಫೋನಿನಲ್ಲಿ ವರದಿ ಮಾಡಿದೆ. ಆಸ್ಪಿರಿನ್ ಬಗ್ಗೆಯೂ ಕೇಳಿದೆ. ವೈದ್ಯರು ಬೇಡವೆಂದರು. ಎಂಟಕ್ಕೆ ಇಳಿದಿದ್ದೇನೆ.

ಸಾಗರದ ಮಗಳು

ನಾಲ್ಕು ತಿಂಗಳ ಬಳಿಕ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಧಾರವಾಡದ ಹಿರಿಯರ ಮಾತು ಮನಸ್ಸಿಗೆ ನಾಟಿದ್ದರಿಂದ ಶಿವಮೊಗ್ಗದ ನರರೋಗ ತಜ್ಞರ ಮುಂದೆ ಚೀಲವನ್ನು ಅಮ್ಮನ ಕೈಯಲ್ಲೇ ಕೊಟ್ಟು, ಅವರೇ ಒಂದೊಂದು ಪಟ್ಟಿಯನ್ನೂ ತೆಗೆದು ತೋರಿಸುವಂತೆ ಮಾಡಿದೆವು. ನಮಗೆ ತಿಳಿಯದಿದ್ದ ಎರಡು ಸಂಗತಿ ಆಗ ಹೊರಬಂದವು. ರಾತ್ರಿ ನಿದ್ದೆ ಬಾರದಿದ್ದರೆ ಆಲ್ಪ್ರಜೋಲಾಂ ಎರಡು ನುಂಗುತ್ತಿದ್ದರಂತೆ. ಕೊಲೆಸ್ಟ್ರಾಲ್ ಮಾತ್ರೆಯನ್ನು ಆರು ತಿಂಗಳಿಂದ ಮುಟ್ಟಿಯೇ ಇರಲಿಲ್ಲವಂತೆ.

ವೈದ್ಯರು ಲೆವೊಸಲ್ಪಿರೈಡ್ ಮತ್ತು ಸಿನ್ನರಿಜಿನ್ ಎರಡನ್ನೂ ನಿಲ್ಲಿಸಿದರು. ಮೊದಲ ಮೂರು ವಾರ ಹೊಟ್ಟೆ ಉಬ್ಬರಕ್ಕೆ ಅಮ್ಮ ಬಹಳ ಒದ್ದಾಡಿದರು, ನನ್ನನ್ನು ಚೆನ್ನಾಗಿ ಬೈದರು. ಐದನೆಯ ವಾರದಿಂದ ನಡಿಗೆ ಚುರುಕಾಯಿತು. ಈಗ ಎಡಗೈ ನಡುಕ ಹೋಗಿದೆ, ಬಲಗೈಯಲ್ಲಿ ದಣಿದಾಗ ಮಾತ್ರ ಸ್ವಲ್ಪ ಕಾಣುತ್ತದೆ. ಅದು ಉಳಿದರೆ ಒಳಗೆ ಕಾಯಿಲೆಯಿದೆಯೇ ಎಂದು ಆರು ತಿಂಗಳಿಗೆ ಮತ್ತೆ ನೋಡೋಣವೆಂದಿದ್ದಾರೆ. ಲೆವೊಡೋಪಾವನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ರಕ್ತದಲ್ಲಿ ಸೋಡಿಯಂ 129 ಇದ್ದದ್ದರಿಂದ ನಮ್ಮೂರಿನ ವೈದ್ಯರು ಎಚ್ ಇಲ್ಲದ ಬಿಪಿ ಮಾತ್ರೆಗೆ ಬದಲಿಸಿದರು, ಈಗ 136 ಆಗಿದೆ. ಅಸಿಕ್ಲೋಫೆನಾಕ್ ಬದಲು ಪ್ಯಾರಾಸಿಟಮಾಲ್ ಮತ್ತು ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ. ನೋವು ಪೂರ್ತಿ ಹೋಗಿಲ್ಲ, ಅಮ್ಮ ಅದನ್ನು ಒಪ್ಪಿಕೊಂಡಿದ್ದಾರೆ. ಆಲ್ಪ್ರಜೋಲಾಂ ಅನ್ನು ಎರಡು ವಾರಕ್ಕೊಮ್ಮೆ ಕಾಲು ಭಾಗದಂತೆ ಇಳಿಸುತ್ತಿದ್ದೇವೆ, ಇನ್ನೂ ಅರ್ಧ ಮಾತ್ರೆಯಲ್ಲಿದ್ದೇವೆ.

ದೇವರ ಕೋಣೆಯ ಪಕ್ಕದ ಕ್ಯಾಲೆಂಡರಿನ ಹಿಂದೆ ಈಗ ಒಂದು ಹಾಳೆ ಇದೆ. ಔಷಧದ ಹೆಸರು, ಯಾವುದಕ್ಕೆ, ಯಾರು ಬರೆದದ್ದು, ಯಾವ ದಿನಾಂಕದವರೆಗೆ ಎಂಬ ನಾಲ್ಕು ಅಂಕಣಗಳನ್ನು ಅಮ್ಮನೇ ಸ್ಕೇಲು ಹಿಡಿದು ಎಳೆದಿದ್ದಾರೆ. ಕೊನೆಯ ಅಂಕಣ ನಾಲ್ಕು ಮಾತ್ರೆಗಳಿಗೆ ಇನ್ನೂ ಖಾಲಿಯಿದೆ. ಬರುವ ತಿಂಗಳು ಕ್ರಿಯಾಟಿನಿನ್ ವರದಿಯ ಜೊತೆ ಆ ಹಾಳೆಯನ್ನೂ ವೈದ್ಯರ ಬಳಿಗೆ ಒಯ್ಯುತ್ತೇವೆ. ಥೈರಾಯ್ಡ್ ಮಾತ್ರೆ ನುಂಗಿದ ಮೇಲೆ ಕಾಫಿಗೆ ಒಂದು ಗಂಟೆ ಕಾಯುವ ವಿಷಯದಲ್ಲಿ ಮಾತ್ರ ಅತ್ತಿಗೆಗೂ ಅಮ್ಮನಿಗೂ ದಿನವೂ ಬೆಳಿಗ್ಗೆ ಚೌಕಾಸಿ ನಡೆಯುತ್ತಿದೆ. ಸದ್ಯಕ್ಕೆ ನಲವತ್ತು ನಿಮಿಷಕ್ಕೆ ಬಂದು ನಿಂತಿದೆಯೆಂದು ಸುದ್ದಿ.